ಅಮ್ಮನ ಮುಚ್ಚಳ, ಅತ್ತೆಯ ಮುಚ್ಚಳ

ಅಲ್ ಖೌದ್, ಮಸ್ಕತ್
14 ನವೆಂಬರ್ 2024, ಗುರುವಾರ ರಾತ್ರಿ

ಪ್ರೀತಿಯ ಅಮ್ಮಾ,

ಹೇಗಿದ್ದಿ? ಪತ್ರ ಅಂದಮೇಲೆ ಮೊದಲು ಆರೋಗ್ಯ ಕೇಳಬೇಕು. ನಿನ್ನ ಆರೋಗ್ಯ ಅಂದರೆ ಮಂಡಿ. ಆದರೆ ಇವತ್ತು ಮಂಡಿಯ ಸುದ್ದಿ ಎತ್ತಲಿಕ್ಕೇ ನನಗೆ ಹೆದರಿಕೆ ಆಗ್ತಾ ಉಂಟು. ಹಾಗಾಗಿ ಉಳಿದದ್ದನ್ನು ಕೇಳ್ತೇನೆ. ಕೆಮ್ಮು ಹೋಯಿತಾ? ಬಿ.ಪಿ. ಮಾತ್ರೆ ತಪ್ಪಿಸದೆ ತಗೊಳ್ತಿದ್ದೀಯಾ? ಕಪ್ಪು ಬೆಕ್ಕು ಮರಿ ಹಾಕಿತಾ, ಇಲ್ಲ ಅದು ಬರೀ ತಿಂದು ತಿಂದು ದಪ್ಪ ಆದದ್ದಾ? ನಾನು ಚೆನ್ನಾಗಿದ್ದೇನೆ. ಊಟಕ್ಕೆ ತೊಂದರೆ ಇಲ್ಲ, ಅಫ್ವಾನ್ ಕೆಲಸ ಮಾಡುವ ಕೆಫೆಟೇರಿಯಾದಿಂದ ಉಳಿದ ಪರೋಟ ತರ್ತಾನೆ. ಅಫ್ವಾನ್ ಗೊತ್ತುಂಟಲ್ಲ, ನನ್ನ ರೂಮಿನವ, ಉಳ್ಳಾಲದ ಬ್ಯಾರಿ ಹುಡುಗ. ವೀಡಿಯೋ ಕಾಲ್‌ನಲ್ಲಿ ನಿನಗೆ ಸಲಾಂ ಹೇಳಿ ಹೇಳಿಯೇ ನಿನ್ನಿಂದ ಹಲಸಿನ ಹಪ್ಪಳ ತರಿಸಿಕೊಂಡವ.

ಇದನ್ನು ನಾನು ಬರೀತಾ ಇಲ್ಲ, ಹೇಳ್ತಾ ಇದ್ದೇನೆ. ಫೋನಿಗೆ ಹೇಳಿದರೆ ಅದೇ ಅಕ್ಷರ ಮಾಡ್ತದೆ. ಅದಕ್ಕೆ ತುಳು ಬರುವುದಿಲ್ಲ, ಹಾಗಾಗಿ ಕನ್ನಡದಲ್ಲಿ ಹೇಳಬೇಕಾಯಿತು. ನೀನೂ ನಾನೂ ಯಾವತ್ತು ಕನ್ನಡದಲ್ಲಿ ಮಾತಾಡಿದ್ದೇವೆ ಹೇಳು, ಶಾಲೆಯಲ್ಲಿ ಟೀಚರ್ ಎದುರು ಬಿಟ್ಟರೆ? ಎಂದಿನ ಹಾಗೆ ವಾಯ್ಸ್ ಕಳಿಸಬಹುದಿತ್ತು. ಆದರೆ ನೀನು ವಾಯ್ಸನ್ನು ಜೋರಾಗಿ ಇಟ್ಟು ಅಂಗಳದಲ್ಲಿ ಕೂತು ಕೇಳ್ತೀ. ಪಕ್ಕದ ಮನೆಯ ಸರಸ್ವತಮ್ಮ ಗೇಟಿನ ಹತ್ತಿರ ನಿಂತು ಕೇಳ್ತಾರೆ. ನಿನ್ನಿಂದ ಉತ್ತರ ಬರುವ ಮೊದಲೇ ನನಗೆ ಅವರ ಮಗಳಿಂದ ಉತ್ತರ ಬರ್ತದೆ. ಇದು ಅವರು ಕೇಳುವ ವಿಷಯ ಅಲ್ಲ. ಕನ್ನಡಕ ಹಾಕು, ಒಳಗೆ ಕೂತುಕೋ, ಮನಸ್ಸಿನಲ್ಲೇ ಓದು.

ವಿಷಯ ಇಷ್ಟೇ. ನಾಳೆ ಬೆಳಿಗ್ಗೆ ಅವರ ಮಗಳು ಸಮೀಕ್ಷಾ ಫೋನ್ ಹಿಡಿದುಕೊಂಡು ಬಂದರೆ ನೀನು ವೀಡಿಯೋಕ್ಕೆ ನಿಲ್ಲಬೇಡ. ಹೊಸ ಸೀರೆ ಉಟ್ಟಾಗಿದ್ದರೆ ಉಟ್ಟುಕೊಂಡೇ ದೇವಸ್ಥಾನಕ್ಕೆ ಹೋಗಿ ಬಾ, ಆದರೆ ಕ್ಯಾಮೆರಾ ಎದುರು "ಈ ಪುಡಿ ಮೂರು ತಿಂಗಳು ಕುಡಿದೆ, ನನ್ನ ಮಂಡಿ ನೋವು ಹೋಯಿತು" ಅಂತ ಹೇಳಬೇಡ. ನಾನೇ ಹೇಳಿಕೊಟ್ಟ ಮಾತು, ನಾನೇ ಬೇಡ ಅಂತಿದ್ದೇನೆ. ಯಾಕೆ ಅಂತ ಒಂದೇ ಸಾಲಿನಲ್ಲಿ ಹೇಳಿ ಮುಗಿಸಬಹುದು, ಆದರೆ ಆ ಸಾಲು ಬಾಯಿಗೆ ಬರ್ತಾ ಇಲ್ಲ. ಅಂಗಡಿ ಮುಚ್ಚಿ ಬಂದಾಗಿನಿಂದ ಬಿಲ್ಡಿಂಗಿನ ಟೆರೇಸ್‌ನಲ್ಲಿ ನೀರಿನ ಟ್ಯಾಂಕಿಗೆ ಪ್ರದಕ್ಷಿಣೆ ಹಾಕ್ತಾ ಇದ್ದೇನೆ. ಎಷ್ಟು ಸುತ್ತು ಆಯಿತು ಅಂತ ಗೊತ್ತಿಲ್ಲ. ಟ್ಯಾಂಕ್ ದೇವರಾಗಿದ್ದರೆ ಇಷ್ಟು ಹೊತ್ತಿಗೆ ಒಲಿದಿರುತ್ತಿತ್ತು.

ನನ್ನ ಅಂಗಡಿ ನಿನಗೆ ವೀಡಿಯೋದಲ್ಲಿ ತೋರಿಸಿದ್ದೇನೆ. ಯುನಿವರ್ಸಿಟಿ ರೋಡಿನಲ್ಲಿ, ಗೋಡೆ ತುಂಬ ಡಬ್ಬ. ಜಿಮ್ ಹುಡುಗರಿಗೆ ತೋಳು ದಪ್ಪ ಮಾಡುವ ಡಬ್ಬ, ಕಾಲೇಜು ಹುಡುಗಿಯರಿಗೆ ಕೂದಲಿನ ಡಬ್ಬ, ಅವರ ಅಮ್ಮಂದಿರಿಗೆ ಕೊಲಾಜನ್. ಕೊಲಾಜನ್ ಹೋಗುವಷ್ಟು ಬೇರೆ ಯಾವುದೂ ಹೋಗುವುದಿಲ್ಲ. ನಮ್ಮಲ್ಲಿ ಅದು ಎರಡು ಬಣ್ಣದಲ್ಲಿ ಬರ್ತದೆ, ಗುಲಾಬಿ ಡಬ್ಬ ಮುಖಕ್ಕೆ, ನೀಲಿ ಡಬ್ಬ ಕೀಲಿಗೆ. ಒಮ್ಮೆ ಒಬ್ಬರು ವಯಸ್ಸಾದ ಒಮಾನಿ ಅಮ್ಮ ಎರಡೂ ಡಬ್ಬ ಕೈಯಲ್ಲಿ ಹಿಡಿದು, ಅರ್ಧ ಅರಬಿ ಅರ್ಧ ಹಿಂದಿಯಲ್ಲಿ ನನ್ನನ್ನು ಕೇಳಿದರು: "ಹೊಟ್ಟೆಗೆ ಹೋದ ಮೇಲೆ ಇದಕ್ಕೆ ಹೇಗೆ ಗೊತ್ತಾಗ್ತದೆ ಮಗಾ, ಮೇಲೆ ಹೋಗಬೇಕಾ ಕೆಳಗೆ ಹೋಗಬೇಕಾ ಅಂತ?" ನಾನು ಒಂದು ಸೆಕೆಂಡೂ ಯೋಚನೆ ಮಾಡದೆ, "ಗುಲಾಬಿಯದ್ದು ಹಗುರ ಅಮ್ಮ, ಮೇಲೆ ಹೋಗ್ತದೆ. ನೀಲಿಯದ್ದು ಭಾರ" ಅಂತ ಹೇಳಿದೆ. ಅವರು ಎರಡನ್ನೂ ತಗೊಂಡರು. ರಾತ್ರಿ ಮಲಗಿದಾಗ ಎರಡು ಡಬ್ಬದ ಹಿಂಬದಿಯ ಫೋಟೋ ತೆಗೆದು ದೊಡ್ಡದು ಮಾಡಿ ಓದಿದೆ. ಒಳಗಿರುವುದು ಒಂದೇ ಪುಡಿ.

ಆದರೂ ನಿನಗೆ ಅದನ್ನೇ ಕಳಿಸಿದೆ. ಮಾರಿ ಮಾರಿ ಮಾರುವವನಿಗೇ ನಂಬಿಕೆ ಬಂದುಬಿಡ್ತದೆ ಅಮ್ಮ. ಅದೂ ಅಲ್ಲದೆ ಕಳೆದ ವರ್ಷ ನಾನು ಊರಿಗೆ ಬಂದಾಗ ನೀನು ತುರಿಮಣೆಯಿಂದ ಏಳಲಿಕ್ಕೆ ಗೋಡೆ ಹಿಡಿದದ್ದು ನನ್ನ ಕಣ್ಣಿನಿಂದ ಹೋಗಿರಲಿಲ್ಲ. ಇಪ್ಪತ್ತೆರಡು ವರ್ಷ ಹಾಲಿನ ಸೊಸೈಟಿಯ ಸಿಮೆಂಟ್ ನೆಲದ ಮೇಲೆ ನಿಂತೇ ಕೆಲಸ ಮಾಡಿದವಳು ನೀನು, ಬೆಳಿಗ್ಗೆ ಐದಕ್ಕೆ ಒಮ್ಮೆ, ಸಂಜೆ ಐದಕ್ಕೆ ಒಮ್ಮೆ. ಮಂಡಿ ಹೋಗದೆ ಇನ್ನೇನು? ಹಾಗಾಗಿ ಮೀನಿನ ಚರ್ಮದಿಂದ ಮಾಡಿದ್ದನ್ನೇ ಹುಡುಕಿ ತೆಗೆದೆ, ದನದ್ದು ಬೇಡ ಅಂತ. ಅದನ್ನು ಹೇಳಿದಾಗ ನೀನು ಎಂಥ ಹೇಳಿದ್ದಿ ನೆನಪುಂಟಾ? "ಮೂವತ್ತು ವರ್ಷ ನಾನು ಬೆಕ್ಕಿಗೆ ಹಾಕಿದ್ದನ್ನು ನೀನು ಡಬ್ಬದಲ್ಲಿ ತುಂಬಿಸಿ ವಿಮಾನದಲ್ಲಿ ಕಳಿಸ್ತೀಯಾ?" ಅಫ್ವಾನ್ ಕೇಳಿ ಮಂಚದಿಂದ ಬಿದ್ದು ನಕ್ಕಿದ್ದ.

ಈಗ ಆಗಸ್ಟ್ ತಿಂಗಳ ಆ ರಾತ್ರಿಗೆ ಬರ್ತೇನೆ. ಪ್ರೇಮನಾಥ ಮಾವ ರಜೆಯಲ್ಲಿ ಊರಿಗೆ ಹೊರಟಿದ್ದರು. ನಿನ್ನ ತಮ್ಮನ ಕೈಯಲ್ಲಿ ಏನಾದರೂ ಕಳಿಸಿದರೆ ಅದು ಮೊದಲು ಉಡುಪಿಯಲ್ಲಿ ವಾರಿಜಾಕ್ಷಿ ಅತ್ತೆಯ ಎದುರು ಬಿಚ್ಚಿಕೊಳ್ಳಬೇಕು, ಆಮೇಲೆ ಹಿರಿಯಡ್ಕದ ನಮ್ಮ ಮನೆಗೆ ಬರಬೇಕು. ಅದು ನಿನಗೂ ಗೊತ್ತು. ಅತ್ತೆ ಏರ್‌ಪೋರ್ಟಿನ ಸ್ಕ್ಯಾನಿಂಗ್ ಮೆಷಿನ್‌ಗಿಂತ ಜೋರು. ಮೆಷಿನ್ ಒಳಗೆ ಎಂಥ ಉಂಟು ಅಂತ ಮಾತ್ರ ನೋಡ್ತದೆ, ಅತ್ತೆ "ಇದು ಅವಳಿಗೆ ಯಾಕೆ, ನನಗೆ ಯಾಕೆ ಇಲ್ಲ" ಅಂತಲೂ ನೋಡ್ತಾರೆ. ಅತ್ತೆಗೆ ನಾನು ಹಾಲಿನ ಪುಡಿ ಕಳಿಸುವವ, ನಿನಗೆ ಕೊಲಾಜನ್. ಆ ನೀಲಿ ಡಬ್ಬ, ಅದರ ಮೇಲೆ ಓಡುವ ಹೆಂಗಸಿನ ಚಿತ್ರ, ಅತ್ತೆಯ ಕಣ್ಣಿಗೆ ಬಿದ್ದರೆ ಮುಗಿಯಿತು. ಮಾವನದ್ದು ಬೇರೆ ಗಲಾಟೆ: "ತಗಡಿನ ಡಬ್ಬ ಒಂದೂ ಬೇಡ ಮಾರಾಯ, ಡಬ್ಬದ ಭಾರವೇ ಅರ್ಧ ಕಿಲೋ. ನನ್ನ ಬ್ಯಾಗ್ ಈಗಲೇ ಮೂವತ್ತು ದಾಟಿದೆ." ಹಾಗಾಗಿ ಅಫ್ವಾನ್ ಕೆಫೆಟೇರಿಯಾದಿಂದ ಮಯೋನೀಸಿನ ಎರಡು ಖಾಲಿ ಪ್ಲಾಸ್ಟಿಕ್ ಬಾಟಲಿ ತಂದ. ಎರಡೂ ಒಂದೇ ಸೈಜು, ಬಾಯಿ ದೊಡ್ಡದು, ಕೆಂಪು ಮುಚ್ಚಳ. ತೊಳೆದು ಒಣಗಿಸಿದೆವು. ಒಂದಕ್ಕೆ ನಿನ್ನ ಪುಡಿ ಸುರಿದೆ, ಇನ್ನೊಂದಕ್ಕೆ ಅತ್ತೆಯ ಹಾಲಿನ ಪುಡಿ. ಮಾರ್ಕರ್ ತಗೊಂಡು ದೊಡ್ಡದಾಗಿ ಹೆಸರು ಬರೆದೆ, ಒಂದರಲ್ಲಿ "ಅಮ್ಮ", ಒಂದರಲ್ಲಿ "ಅತ್ತೆ".

ಹೆಸರು ಬರೆದದ್ದು ಎಲ್ಲಿ ಅಂತ ನೀನು ಕೇಳ್ಬೇಕು ಈಗ. ಮುಚ್ಚಳದ ಮೇಲೆ.

ಸ್ವಲ್ಪ ನಿಲ್ಲು, ಅಫ್ವಾನ್ ಮೇಲೆ ಬಂದ. ಇಲ್ಲ ಮಾರಾಯ, ಹುಡುಗಿ ಅಲ್ಲ, ಅಮ್ಮನಿಗೆ ಕಾಗದ. ಹೌದು, ಅದೇ ವಿಷಯ. ಇನ್ನೂ ಹೇಳಲಿಲ್ಲ. ನೀನು ಹೋಗಿ ಮಲಗು. ಅಮ್ಮ, ಇದೂ ಅಕ್ಷರ ಆಗಿರಬಹುದು, ಅಳಿಸಲಿಕ್ಕೆ ನನಗೆ ಬರುವುದಿಲ್ಲ, ಇರಲಿ. "ಅಮ್ಮನಿಗೆ ಹೇಳು, ಮುಚ್ಚಳ ಹಾಕಿದ್ದು ನಾನಲ್ಲ" ಅಂತ ಹೇಳಿ ಹೋದ. ಹೌದು, ಅವನಲ್ಲ. ಮಾವ ಕೆಳಗೆ ಕಾರಿನ ಹಾರ್ನ್ ಹೊಡೀತಾ ಇದ್ದರು, ಯಲ್ಲಾ ಯಲ್ಲಾ, ಬೇಗ ಬಾ ಅಂತ ಫೋನಿನಲ್ಲಿ ಬೊಬ್ಬೆ. ಎರಡು ಮುಚ್ಚಳ ಕೈಗೆ ಸಿಕ್ಕಿದ ಹಾಗೆ ತಿರುಗಿಸಿ, ಟೇಪ್ ಸುತ್ತಿ, ಓಡಿದವ ನಾನೇ.

ಅರ್ಥ ಆಯಿತಲ್ಲ? ನೀನು ಜಾಣೆ, ಆಗಿರ್ತದೆ. ಆದರೂ ಪೂರ್ತಿ ಹೇಳ್ತೇನೆ. ಮೂರು ತಿಂಗಳಿನಿಂದ ನೀನು ಬೆಳಿಗ್ಗೆ ಬಿಸಿ ಹಾಲಿಗೆ ಒಂದು ದೊಡ್ಡ ಚಮಚ ಹಾಕಿ ಕಲಸಿ ಕುಡಿದದ್ದು ಹಾಲಿನ ಪುಡಿ. ಹಾಲಿಗೆ ಹಾಲಿನ ಪುಡಿ. ಕೊಲಾಜನ್ ಉಡುಪಿಯಲ್ಲಿ ಅತ್ತೆಯ ಅಡುಗೆಮನೆಯ ಕಪಾಟಿನಲ್ಲಿತ್ತು.

ನನಗೆ ಗೊತ್ತಾದದ್ದು ನಿನ್ನೆ ಬೆಳಿಗ್ಗೆ. ನೀನು ಊರಿಗೆಲ್ಲ ಹೇಳಿದ್ದರಿಂದ ಕೊಲಾಜನ್ ಸುದ್ದಿ ಅತ್ತೆಗೂ ಮುಟ್ಟಿ, ಅವರು ನನ್ನ ಹತ್ತಿರ ಮಾತು ಬಿಟ್ಟು ಒಂದು ತಿಂಗಳಾಗಿತ್ತಲ್ಲ. ನಿನ್ನೆ ಅವರ ವಾಯ್ಸ್ ಬಂತು. ಖುಷಿಯಿಂದ ಕೇಳಿದೆ. "ಸುಮಿತ್, ನಿನ್ನ ಅಮ್ಮನಿಗೆ ಬಂಗಾರದಂಥ ಪುಡಿ, ನನಗೆ ಎಂಥ ಕಳಿಸಿದ್ದು ನೀನು? ನೆಂಟರು ಬಂದಾಗ ಬೇಕು ಅಂತ ಎತ್ತಿಟ್ಟು ದೀಪಾವಳಿಗೆ ತೆಗೆದೆ. ಚಹಾ ಬೆಳ್ಳಗೆ ಆಗುವುದೇ ಇಲ್ಲ. ಮೂರು ಚಮಚ ಹಾಕು, ನಾಲ್ಕು ಹಾಕು, ಕರಗ್ತದೆ, ಮಾಯ ಆಗ್ತದೆ, ಚಹಾ ಕಪ್ಪೇ. ಸಾಕಾಯಿತು ನನಗೆ. ನಾಯಿಯ ಅನ್ನಕ್ಕೆ ಹಾಕ್ತಾ ಇದ್ದೇನೆ. ನಾಯಿ ಮಾತ್ರ ಹೊಳೀತಾ ಉಂಟು."

ಅಮ್ಮ, ಅಂಗಡಿಯ ನಡುವಿನಲ್ಲಿ ನಿಂತವ ನಾನು ಸ್ಟೂಲ್ ಹುಡುಕಿ ಕೂತೆ. ಮೊದಲು ನನಗೆ ಹೊಳೆದದ್ದು ನಿನ್ನ ಮಂಡಿ ಅಲ್ಲ, ಸೋಮವಾರ. ಅತ್ತೆ ಸೋಮವಾರ ಮೀನು ಮುಟ್ಟುವವರಲ್ಲ. ದೀಪಾವಳಿ ಆದಮೇಲೆ ಎರಡು ಸೋಮವಾರ ಹೋಗಿದೆ, ಚಹಾ ಅವರು ಬಿಡುವವರಲ್ಲ. ಇದನ್ನು ನೀನು ಸಾಯುವವರೆಗೆ ಯಾರಿಗೂ ಹೇಳಬಾರದು. ನಾನೂ ಹೇಳುವುದಿಲ್ಲ. ಆಮೇಲೆ ಹೊಳೆದದ್ದು, ಅವರು ಒಂದು ತಿಂಗಳು ಮುನಿಸಿಕೊಂಡದ್ದು ಯಾವ ಪುಡಿಗೋ ಅದೇ ಪುಡಿ ಅವರ ಕಪಾಟಿನಲ್ಲೇ ಇತ್ತು ಅಂತ. ನಗು ಬಂತು. ನಗುವಾಗಲೇ ನಿನ್ನ ಮಂಡಿ ನೆನಪಾಯಿತು, ನಗು ಅಲ್ಲೇ ನಿಂತಿತು.

ಯಾಕೆಂದರೆ ನಿನ್ನ ನೋವು ಹೋದದ್ದು ಸುಳ್ಳಲ್ಲ. ಚೌತಿಗೆ ಸಮೀಕ್ಷಾ ತೆಗೆದು ಕಳಿಸಿದ ವೀಡಿಯೋ ನಾನು ಎಷ್ಟು ಸಲ ನೋಡಿದ್ದೇನೆ ಗೊತ್ತಾ? ನೀನು ತುರಿಮಣೆಯಲ್ಲಿ ಕೂತು, ಎರಡು ಕಾಯಿ ತುರಿದು, ಗೋಡೆ ಹಿಡಿಯದೆ, ಕೈ ಊರದೆ, ಪಟ್ಟಂತ ಎದ್ದು ನಿಂತದ್ದು. ಅದನ್ನು ನಾನು ಅಂಗಡಿಯಲ್ಲಿ ನೋಡ್ತಾ ಇರುವಾಗ ನಮ್ಮ ಮಾಲೀಕ ಅಲಿ ಹಿಂದಿನಿಂದ ನೋಡಿದ. ಒಮಾನಿ, ಮೂವತ್ತು ವರ್ಷದವ, ಒಳ್ಳೆಯವ, ಆದರೆ ಎಂಥ ಕಂಡರೂ ಪೋಸ್ಟರ್ ಕಾಣುವವ. "ಯೇ ಕೌನ್? ತುಮ್ಹಾರಾ ಮದರ್? ಘುಟ್ನಾ ಠೀಕ್? ಹಮಾರಾ ಕೊಲಾಜನ್ ಸೇ? ಸುಮಿತ್! ಯೇ ವೀಡಿಯೋ ನಹೀಂ, ಯೇ ಸೋನಾ ಹೈ!" ನಿನ್ನ ಮಂಡಿ ನಮ್ಮ ಕೊಲಾಜನ್‌ನಿಂದ ಸರಿಯಾದದ್ದಾ, ಹಾಗಾದರೆ ಇದು ವೀಡಿಯೋ ಅಲ್ಲ, ಚಿನ್ನ ಅಂತ. ಆ ದಿನದಿಂದ ಬೆನ್ನು ಬಿಟ್ಟಿಲ್ಲ. ನೀನು ಮಾತಾಡುವ ವೀಡಿಯೋ ಬೇಕು, ಕೆಳಗೆ ಅರಬಿಯಲ್ಲಿ ಅಕ್ಷರ ಬರಬೇಕು, ನಾಡಿದ್ದು ಶನಿವಾರ ಸುವೈಕ್‌ನಲ್ಲಿ ಹೊಸ ಅಂಗಡಿ ತೆರೆಯುವಾಗ ದೊಡ್ಡ ಟಿ.ವಿ.ಯಲ್ಲಿ ಇಡೀ ದಿನ ಓಡಬೇಕು. ಆ ಹೊಸ ಅಂಗಡಿ ನೋಡಿಕೊಳ್ಳುವವ ನಾನು ಅಂತ ಬಾಯಿಮಾತು ಆಗಿದೆ. ಕೌಂಟರಿನ ಈಚೆ ನಿಲ್ಲುವ ಕೆಲಸದಿಂದ ಆಚೆ ಕೂತುಕೊಳ್ಳುವ ಕೆಲಸಕ್ಕೆ. ನಾಲ್ಕು ವರ್ಷ ಆಯಿತಲ್ಲ ನಾನು ಇಲ್ಲಿ ನಿಂತು. ಹಾಗಾಗಿಯೇ ನಿನಗೆ ಅಷ್ಟು ಒತ್ತಾಯ ಮಾಡಿದ್ದು. ನೀನೋ, ಒಂದು ಶುಕ್ರವಾರ "ರವಿಕೆ ಹೊಲಿದಾಗಲಿಲ್ಲ" ಅಂದಿ, ಮರು ಶುಕ್ರವಾರ "ಮನೆಯಲ್ಲಿ ಕಾಯಿ ಇಲ್ಲ" ಅಂದಿ. ಹನ್ನೊಂದು ತೆಂಗಿನ ಮರ ಇರುವ ಜಾಗದಲ್ಲಿ ಕಾಯಿ ಇಲ್ಲ! ಕಳೆದ ವಾರ "ಕೂದಲಿಗೆ ಬಣ್ಣ ಹಚ್ಚಬೇಕು, ಅರಬರು ನೋಡುವುದಲ್ವಾ" ಅಂದಿ. ನಾನು ಅಫ್ವಾನ್‌ನ ಹತ್ತಿರ, ನೋಡು, ಅಮ್ಮ ಈಗಲೇ ಹೀರೋಯಿನ್ ಆಗಿದ್ದಾಳೆ ಅಂತ ಹೇಳಿ ನಕ್ಕಿದ್ದೆ.

ನಿನ್ನೆ ಮಧ್ಯಾಹ್ನ ಊಟ ಬಿಟ್ಟು ರೆನಿಟಾ ಮೇಡಂ ಹತ್ತಿರ ಹೋದೆ. ಅವರು ನಮ್ಮ ಅಂಗಡಿಯ ಮೇಲಿನ ಮಾಳಿಗೆಯ ಕ್ಲಿನಿಕ್ಕಿನಲ್ಲಿ ಕೂತುಕೊಳ್ಳುವವರು. ಯಾರು ಎಂಥ ತಿನ್ನಬೇಕು ಅಂತ ಹೇಳುವ ಕೆಲಸ. ಮಂಗಳೂರು ಕುಲಶೇಖರದವರು, ಕೊಂಕಣಿ ಮಾತಾಡುವವರು, ನನ್ನನ್ನು ಕಂಡರೆ "ಬಂದ ನೋಡಿ ಡಬ್ಬದ ಡಾಕ್ಟರ್" ಅಂತಲೇ ಹೇಳುವುದು. ಬಾಗಿಲಲ್ಲೇ ನಿಂತು ಕೇಳಿದೆ, "ಮೇಡಂ, ಮೂರು ತಿಂಗಳು ಹಾಲಿನ ಪುಡಿ ಕುಡಿದರೆ ಮಂಡಿ ನೋವು ಹೋಗ್ತದಾ?" ಅವರು ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು. ಎಲ್ಲ ಹೇಳಿದೆ. ನಾಯಿಯ ವಿಷಯ ಬಂದಾಗ ಅವರು ಮುಖ ಮುಚ್ಚಿಕೊಂಡು ನಕ್ಕದ್ದು ಹೊರಗೆ ಕೂತ ಪೇಶಂಟುಗಳಿಗೂ ಕೇಳಿರಬೇಕು. "ನಾಯಿಗೆ ಪ್ರೋಟೀನ್ ಸಿಕ್ಕಿತು ಮಾರಾಯ, ಅಷ್ಟೇ. ಬಂಗುಡೆ ಮೀನಿನ ತಲೆ ಹಾಕಿದ್ದರೂ ಹೊಳೀತಿತ್ತು."

ಆಮೇಲೆ ಕೂರಿಸಿ ಹೇಳಿದರು. ನಾಲ್ಕು ವರ್ಷ ಮಾರಿದವನಿಗೆ ನಿನ್ನೆ ಗೊತ್ತಾಯಿತು ಅಮ್ಮ, ನಾನು ಮಾರುವುದು ಎಂಥದ್ದು ಅಂತ. "ಕೊಲಾಜನ್ ಅಂದರೆ ಹಗ್ಗ ಅಂತ ತಿಳ್ಕೋ. ಮೂರು ಎಳೆ ಹೊಸೆದ ಹಗ್ಗ. ಚರ್ಮ, ಎಲುಬು, ಕೀಲು ಎಲ್ಲವನ್ನೂ ಕಟ್ಟಿ ನಿಲ್ಲಿಸುವುದು ಅದೇ. ಹಗ್ಗವನ್ನು ಹಾಗೆಯೇ ನುಂಗಿದರೆ ಕರುಳು ಒಳಗೆ ಬಿಡುವುದಿಲ್ಲ, ಅದು ಬಹಳ ದೊಡ್ಡದು. ಹಾಗಾಗಿ ಕಂಪೆನಿಯವರು ಮೊದಲೇ ತುಂಡು ಮಾಡಿ ಪುಡಿ ಮಾಡ್ತಾರೆ. ನಿನ್ನ ಹೊಟ್ಟೆ, ಕರುಳು ಅದನ್ನು ಇನ್ನೂ ತುಂಡು ಮಾಡ್ತದೆ. ಕೊನೆಗೆ ಉಳಿಯುವುದು ಬಿಡಿ ನಾರು, ಎರಡು ಮೂರು ನಾರು ಅಂಟಿಕೊಂಡ ಚೂರು. ರಕ್ತಕ್ಕೆ ಹೋಗುವುದು ಅದು. ರಕ್ತಕ್ಕೆ ಹೋದಮೇಲೆ ಅದಕ್ಕೆ ಮಂಡಿಯೂ ಗೊತ್ತಿಲ್ಲ, ಕೆನ್ನೆಯೂ ಗೊತ್ತಿಲ್ಲ."

ನಿನಗೆ ಅರ್ಥ ಆಗುವ ಹಾಗೆ ನಾನು ಹೇಳ್ತೇನೆ ನೋಡು. ಹೊಟ್ಟೆ ಅಂದರೆ ವಾರಿಜಾಕ್ಷಿ ಅತ್ತೆ. ನಾವು ಇಲ್ಲಿಂದ ಎಷ್ಟೇ ಟೇಪ್ ಸುತ್ತಿ "ಇದು ಅಮ್ಮನ ಮಂಡಿಗೆ" ಅಂತ ದೊಡ್ಡ ಅಕ್ಷರದಲ್ಲಿ ಬರೆದು ಕಳಿಸಿದರೂ, ಅತ್ತೆ ಕತ್ತರಿ ತಗೊಂಡು ಬಿಚ್ಚಿ, ವಿಳಾಸ ಬರೆದ ಕಾಗದ ಬಿಸಾಡಿ, ಎಲ್ಲವನ್ನೂ ಹಾಸಿಗೆಯ ಮೇಲೆ ರಾಶಿ ಹಾಕ್ತಾರೆ. ಆಮೇಲೆ ಮನೆಯಲ್ಲಿ ಎಲ್ಲಿ ಎಂಥ ಖಾಲಿಯಾಗಿದೆ ಅಂತ ನೋಡಿ ಅಲ್ಲಲ್ಲಿಗೆ ಹಂಚ್ತಾರೆ. ಅದರಲ್ಲಿ ಮಂಡಿಯ ಪಾಲು ಎಷ್ಟು ಅಂತ ಕಳಿಸಿದವನು ಕೇಳುವ ಹಾಗಿಲ್ಲ. ಮೊಟ್ಟೆ ತಿಂದರೂ, ಬಂಗುಡೆ ತಿಂದರೂ, ಹೆಸರುಕಾಳು ತಿಂದರೂ ಇದೇ ಕಥೆ, ಎಲ್ಲ ಅದೇ ರಾಶಿಗೆ ಬೀಳುವುದು.

ಹಾಗಾದರೆ ಪೂರ್ತಿ ಮೋಸವಾ ಅಂತ ಕೇಳಿದೆ. "ಹಾಗೂ ಹೇಳ್ಲಿಕ್ಕೆ ಆಗುವುದಿಲ್ಲ. ಆ ಸಣ್ಣ ಚೂರುಗಳು ಕೀಲಿಗೆ 'ಇಲ್ಲಿ ಹಗ್ಗ ಸವೆದಿದೆ, ಹೊಸೆಯಿರಿ' ಅಂತ ಸುದ್ದಿ ಮುಟ್ಟಿಸುವ ಹಾಗೆ ಕೆಲವು ಪರೀಕ್ಷೆಯಲ್ಲಿ ಕಂಡಿದೆ. ಕೆಲವರಿಗೆ ನೋವು ಸ್ವಲ್ಪ ಕಡಿಮೆ ಆದದ್ದೂ ಉಂಟು. ಸ್ವಲ್ಪ. ಆದರೆ ಎಷ್ಟೋ ಪರೀಕ್ಷೆಗೆ ಪುಡಿ ಮಾಡುವವರೇ ಖರ್ಚು ಹಾಕಿದ್ದು, ಹಾಗಾಗಿ ಪೂರ್ತಿ ನಂಬಲಿಕ್ಕೂ ಆಗುವುದಿಲ್ಲ. ತಿಂದರೆ ಹೆಚ್ಚಿನವರಿಗೆ ತೊಂದರೆ ಇಲ್ಲ, ಆದರೆ ಡಾಕ್ಟರ ಬದಲಿಗೆ ತಿನ್ನುವ ವಸ್ತು ಅಲ್ಲ. ಹಗ್ಗ ಹೊಸೆಯಲಿಕ್ಕೆ ವಿಟಮಿನ್ ಸಿ ಬೇಕು, ನಿನ್ನ ಅಮ್ಮನಿಗೆ ನೆಲ್ಲಿಕಾಯಿ ತಿನ್ನಲಿಕ್ಕೆ ಹೇಳು, ಅದಕ್ಕೆ ಯಾರೂ ಪೋಸ್ಟರ್ ಹಾಕುವುದಿಲ್ಲ." ಮತ್ತೆ ನನ್ನನ್ನೇ ನೋಡಿ ಕೇಳಿದರು, "ಪುಡಿ ಬಿಟ್ಟು ಬೇರೆ ಎಂಥ ಮಾಡಿದರು ನಿನ್ನ ಅಮ್ಮ ಈ ಮೂರು ತಿಂಗಳು?"

ಆಗ ನಾನು ಹೇಳಿದ ಇನ್ನೊಂದು ಸುಳ್ಳು ಹೊರಗೆ ಬಂತು. ನೆನಪುಂಟಾ, ಮೊದಲ ದಿನ ನಾನು ನಿನಗೆ ಹೇಳಿಕೊಟ್ಟದ್ದು? ಆರು ಗಂಟೆಗೆ ಖಾಲಿ ಹೊಟ್ಟೆಗೆ ಕುಡಿಯಬೇಕು, ಕುಡಿದ ಕೂಡಲೇ ಅರ್ಧ ಗಂಟೆ ನಡೆಯಬೇಕು, ನಡೆಯದಿದ್ದರೆ ಪುಡಿ ಮಂಡಿಗೆ ಇಳಿಯುವುದಿಲ್ಲ, ಸೊಂಟದಲ್ಲೇ ನಿಲ್ತದೆ ಅಂತ. ಅದು ಯಾವ ಡಬ್ಬದಲ್ಲೂ ಬರೆದಿಲ್ಲ ಅಮ್ಮ. ನಾನು ಗಿರಾಕಿಗಳಿಗೆ ಹೇಳುವ ಮಾತು. ಮನೆಗೆ ಹೋಗಿ ನಡೆಯದೆ ಇದ್ದರೆ ಪುಡಿ ಕೆಲಸ ಮಾಡಲಿಲ್ಲ ಅಂತ ನಮ್ಮನ್ನು ಬೈಯಲಿಕ್ಕೆ ಬರುವುದಿಲ್ಲ, ಅದಕ್ಕೆ. ನೀನು ಅದನ್ನು ನಂಬಿ ಮಳೆಯಲ್ಲೂ ಕೊಡೆ ಹಿಡಿದು ದೇವಸ್ಥಾನದವರೆಗೆ ನಡೆದೆ. ಮೊದಲ ವಾರ ಅಂಗಡಿಯವರೆಗೆ, ಮತ್ತೆ ಶಾಲೆಯವರೆಗೆ, ಮತ್ತೆ ದೇವಸ್ಥಾನಕ್ಕೆ ಹೋಗಿ ಬಂದು. ಸರಸ್ವತಮ್ಮನನ್ನೂ ಎಬ್ಬಿಸಿಕೊಂಡು ಹೋದೆ. ರೆನಿಟಾ ಮೇಡಂ ಕೈ ಮೇಲೆತ್ತಿದರು. "ದೇವರೇ! ತೊಡೆಯ ಮಾಂಸಖಂಡ ಗಟ್ಟಿಯಾದರೆ ಮಂಡಿಯ ಮೇಲಿನ ಭಾರ ಇಳೀತದೆ. ಫಿಸಿಯೋಥೆರಪಿಯವರು ತಲೆ ಬಡ್ಕೊಂಡರೂ ಯಾರೂ ನಡೆಯುವುದಿಲ್ಲ. ನೀನು ಒಂದು ಸುಳ್ಳು ಹೇಳಿ ನಡೆಸಿದ್ದೀ. ಬೆನ್ನು ತಟ್ಟಬೇಕಾ ಕೆನ್ನೆಗೆ ಬಾರಿಸಬೇಕಾ ಗೊತ್ತಾಗುವುದಿಲ್ಲ." ಎಕ್ಸ್‌ರೇ ಆಗಿದೆಯಾ ಅಂತ ಕೇಳಿದರು. ಪುಡಿ ಬಂದಮೇಲೆ ಅಮ್ಮ ಡಾಕ್ಟರ ಹತ್ತಿರ ಹೋಗಲಿಲ್ಲ ಅಂದೆ. ಆಗ ಮಾತ್ರ ನಗಲಿಲ್ಲ ಅವರು.

ಹಾಗಾಗಿ ಅಮ್ಮ, ನಾಳೆಯ ವೀಡಿಯೋ ಬೇಡ. ನಿನ್ನ ಮುಖ ನೋಡಿದರೆ ಯಾರಾದರೂ ನಂಬ್ತಾರೆ. ನಿನ್ನ ಹಾಗೆ ಗೋಡೆ ಹಿಡಿದು ಏಳುವ ಅಮ್ಮಂದಿರು ಸುವೈಕ್‌ನಲ್ಲೂ ಇದ್ದಾರೆ. ಟಿ.ವಿ. ನೋಡಿ, ನೀಲಿ ಡಬ್ಬ ಕೊಂಡು, ಡಾಕ್ಟರ ಹತ್ತಿರ ಹೋಗುವುದನ್ನು ಬಿಟ್ಟು ಮನೆಯಲ್ಲಿ ಕೂತರೆ? ಅದೂ ಹಾಲಿನ ಪುಡಿ ಕುಡಿದ ನಿನ್ನ ಮಾತು ಕೇಳಿ. ಗುಲಾಬಿ ಹಗುರ, ನೀಲಿ ಭಾರ ಅಂತ ಹೇಳುವಾಗ ನಾಚಿಕೆ ಆಗಲಿಲ್ಲ ನನಗೆ. ನಿನ್ನ ಬಾಯಿಯಿಂದ ಹೇಳಿಸುವುದು ಅಂದಾಗ ಆಗ್ತಾ ಉಂಟು. ಅಲಿಗೆ ಬೆಳಿಗ್ಗೆ ನಾನೇ ಹೇಳ್ತೇನೆ. ಮೊದಲು ನಿನಗೆ ಹೇಳಿ ಆಮೇಲೆ ಅವನಿಗೆ ಅಂತ ಇಟ್ಟುಕೊಂಡಿದ್ದೆ. ಅವನು ಖಲಾಸ್ ಅಂದರೆ ಸುವೈಕ್ ಹೋಯಿತು, ನಾನು ಇನ್ನೊಂದು ನಾಲ್ಕು ವರ್ಷ ಈಚೆಯೇ ನಿಲ್ತೇನೆ. ನನ್ನ ಮಂಡಿ ಗಟ್ಟಿ ಉಂಟು.

ನನ್ನ ಹೆದರಿಕೆ ಅಲಿ ಅಲ್ಲ, ನೀನು. ಪುಡಿ ಸುಳ್ಳು ಅಂತ ಗೊತ್ತಾದ ಕೂಡಲೇ ನೋವು ವಾಪಸ್ ಬಂದರೆ? ಇಷ್ಟೆಲ್ಲ ಪೊಕ್ಕಡೆ, ಸುಮ್ಮನೆ ನಡೆದದ್ದಾ ಅಂತ ನೀನು ಚಪ್ಪಲಿ ಮೂಲೆಗೆ ಹಾಕಿ ಕೂತರೆ? ರೆನಿಟಾ ಮೇಡಂ ಹೇಳಿದ್ದು, ನಂಬಿಕೆಯಿಂದಲೂ ನೋವು ಕಡಿಮೆ ಆಗುವುದುಂಟಂತೆ, ಅದೇನು ನಾಟಕ ಅಲ್ಲ ಅಂತೆ, ಆದರೆ ತೊಡೆಯಲ್ಲಿ ಬಂದ ಬಲ ನಂಬಿಕೆ ಹೋದರೂ ಹೋಗುವುದಿಲ್ಲ ಅಂತೆ. ಅದನ್ನು ಹಿಡ್ಕೊಂಡೇ ಇಷ್ಟು ಹೇಳಿದೆ. ನಡೆಯುವುದನ್ನು ಬಿಡಬೇಡ. ಸೋಮವಾರ ನಾನೇ ಫೋನ್ ಮಾಡಿ ಉಡುಪಿಯ ಎಲುಬಿನ ಡಾಕ್ಟರ ಟೋಕನ್ ತೆಗೀತೇನೆ, ಎಕ್ಸ್‌ರೇ ಆಗಲೇಬೇಕು. ಬಾಟಲಿಯಲ್ಲಿ ಪುಡಿ ಉಳಿದಿದ್ದರೆ ಪಾಯಸಕ್ಕೆ ಹಾಕು.

ಸರಸ್ವತಮ್ಮನಿಗೆ ನನ್ನ ನಮಸ್ಕಾರ ಹೇಳು, ವಿಷಯ ಹೇಳಬೇಡ. ಸಮೀಕ್ಷಾ ಬಂದರೆ ಅವಳಿಗೆ ತಿಂಡಿ ಕೊಟ್ಟು ಕಳಿಸು. ಅತ್ತೆಗೆ ನಾನು ಹೊಸ ಹಾಲಿನ ಪುಡಿ ಕಳಿಸ್ತೇನೆ, ಈ ಸಲ ಹೆಸರು ಬಾಟಲಿಯ ಮೇಲೆ. ನಿನ್ನ ಬೈಗುಳಕ್ಕೆ ಕಾಯ್ತಾ ಇರುವ,

ನಿನ್ನ ಮಗ
ಸುಮಿತ್

ಮತ್ತೆ ಒಂದು. ಕಳಿಸುವ ಮೊದಲು ಒಮ್ಮೆ ಓದಿದೆ, ಓದುವಾಗ ಕಾಲು ನಿಂತುಹೋಯಿತು. ಅಮ್ಮ, ನೀನು ಹಾಲಿನ ಸೊಸೈಟಿಯಲ್ಲಿ ಇಪ್ಪತ್ತೆರಡು ವರ್ಷ ಮಾಡಿದ ಕೆಲಸ ಹಾಲು ಪರೀಕ್ಷೆ ಮಾಡುವುದು. ಸಚ್ಚಿದಾನಂದಣ್ಣನ ಕ್ಯಾನಿಗೆ ಒಂದು ಲೋಟ ನೀರು ಬಿದ್ದರೂ ಮೀಟರ್ ಹಾಕುವ ಮೊದಲೇ ಮೂಗಿನಲ್ಲಿ ಹಿಡಿಯುವವಳು ನೀನು. ಯಾರ ಮನೆಯ ದನ ಎಂಥ ಹಿಂಡಿ ತಿಂದಿದೆ ಅಂತ ಹೇಳುವವಳು. ಅಂಥವಳಿಗೆ ಮೂರು ತಿಂಗಳು ಹಾಲಿನ ಪುಡಿಯ ರುಚಿ ಗೊತ್ತಾಗಲಿಲ್ಲವಾ? ಮೊದಲ ವಾರ ಫೋನಿನಲ್ಲಿ "ಮಗಾ, ಇದು ಒಳ್ಳೆ ಕೆನೆ ಕಟ್ತದೆ" ಅಂದಿದ್ದಿ. ಹೊಸ ಟೆಕ್ನಾಲಜಿ ಅಮ್ಮ ಅಂತ ನಾನು ಹೇಳಿದೆ. ಒಮ್ಮೆ "ಇದಕ್ಕೆ ಹೆಪ್ಪು ಹಾಕಿದರೆ ಮೊಸರಾದೀತಾ" ಅಂತ ಕೇಳಿದ್ದಿ. ಔಷಧಿಯಲ್ಲಿ ಆಟ ಬೇಡ ಅಂತ ನಾನು ಬೈದೆ. ನೀನು ನಕ್ಕದ್ದು ಈಗ ಕೇಳ್ತಾ ಉಂಟು. ರವಿಕೆ ಹೊಲಿದಾಗಲಿಲ್ಲ, ಕಾಯಿ ಇಲ್ಲ, ಕೂದಲಿಗೆ ಬಣ್ಣ. ಅಮ್ಮಾ, ನಿನಗೆ ಗೊತ್ತಿತ್ತು. ಮೊದಲ ದಿನದಿಂದ ಗೊತ್ತಿತ್ತು. ಮತ್ತೆ ಯಾಕೆ ಸುಮ್ಮನೆ ಕುಡಿದಿ? ಮೊದಲು ಹದಿನೈದು ದಿನಕ್ಕೊಮ್ಮೆ ಫೋನ್ ಮಾಡ್ತಿದ್ದ ಮಗ ಈಗ "ಪುಡಿ ತಗೊಂಡಿಯಾ" ಅಂತ ದಿನಾ ಆರಕ್ಕೆ ಸರಿಯಾಗಿ ಮಾಡ್ತಾನೆ, ಪುಡಿ ನಿಂತರೆ ಫೋನೂ ನಿಲ್ತದೆ ಅಂತ ಎಣಿಸಿದೆಯಾ?

ನಿನ್ನ ಆರು ಗಂಟೆ ಇಲ್ಲಿ ನಾಲ್ಕೂವರೆ. ಜಿಮ್ಮಿಗೆ ಏಳ್ತೇನೆ ಅಂತ ಹೇಳಿದ್ದೆ, ಅದೂ ಸುಳ್ಳು, ನಿನಗೆ ಫೋನ್ ಮಾಡಲಿಕ್ಕೇ ಏಳುವುದು. ಈಗ ನಾಲ್ಕೂ ಹತ್ತು. ಇನ್ನು ಇಪ್ಪತ್ತು ನಿಮಿಷಕ್ಕೆ ಫೋನ್ ಮಾಡ್ತೇನೆ, ನಾಳೆಯೂ ಮಾಡ್ತೇನೆ, ಪುಡಿಯ ವಿಷಯ ಕೇಳಲಿಕ್ಕೆ ಅಲ್ಲ. ಚಪ್ಪಲಿ ಹಾಕಿಕೊಂಡೇ ಫೋನ್ ಎತ್ತು.